ಚಿಕ್ಕಮ್ಮನ ಮೂಲಾ ನಕ್ಷತ್ರ

ನಮ್ಮ ಚಿಕ್ಕಮ್ಮನ ಜಾತಕ ಮೂರು ಮನೆಗೆ ಹೋಗಿ ಮೂರು ಸಲವೂ ಹಿಂದಕ್ಕೆ ಬಂದಿತ್ತು. ಅಂಚಿಗೆ ಅರಿಶಿನ ಹಚ್ಚಿದ ಆ ಕಾಗದವನ್ನು ಅಜ್ಜಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಮೂಲಾ ನಕ್ಷತ್ರ ಎಂದರೆ ಸಾಕು, ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಏಳುತ್ತಿದ್ದರಂತೆ. ಆಶ್ಲೇಷಾ ಅತ್ತೆಗಾಗದು, ಮೂಲಾ ಮಾವನಿಗಾಗದು ಎಂಬುದನ್ನು ನಾವೆಲ್ಲ ಮಗ್ಗಿಯ ಜೊತೆಗೇ ಕಲಿತವರು. ಕೊನೆಗೆ ತಾತ ಮಾವನೇ ಇಲ್ಲದ ಮನೆಯೊಂದನ್ನು ಹುಡುಕಿ ಧಾರೆಯೆರೆದುಕೊಟ್ಟರು. ವರನಿಗೆ ಅದು ಎರಡನೇ ಸಂಬಂಧ.

ಈಗ ಅದೇ ನಕ್ಷತ್ರ ಚಿಕ್ಕಮ್ಮನ ಮೊಮ್ಮಗಳಿಗೆ. ಹುಡುಗಿಗೆ ಗಂಡು ನೋಡಲು ಶುರುಮಾಡಿದ ದಿನದಿಂದ ಮನೆಯಲ್ಲಿ ಮತ್ತೆ ಪಿಸುಮಾತು. ನನಗೆ ತಡೆಯಲಾಗಲಿಲ್ಲ, ಪುಸ್ತಕಗಳನ್ನು ಹಿಡಿದು ಕುಳಿತೆ.

ಮೇಷ, ವೃಷಭ ಮೊದಲಾದ ರಾಶಿಗಳು ಬ್ಯಾಬಿಲೋನಿನಲ್ಲಿ ರೂಪುಗೊಂಡು ಗ್ರೀಕರ ಕೈದಾಟಿ ನಮ್ಮಲ್ಲಿಗೆ ಬಂದವು. 6ನೆಯ ಶತಮಾನದ ವರಾಹಮಿಹಿರ ಅವುಗಳಿಗೆ ಕ್ರಿಯ, ತಾವುರಿ ಎಂಬ ಗ್ರೀಕ್ ಮೂಲದ ಹೆಸರುಗಳನ್ನೂ ಹೇಳುತ್ತಾನೆ. ನಕ್ಷತ್ರಗಳಾದರೋ ಅದಕ್ಕೂ ಬಹಳ ಹಿಂದೆಯೇ ವೇದಗಳಲ್ಲಿದ್ದವು. ಮೂಲೆಯೆಂದರೆ ಚೇಳಿನ ಆಕಾರದ ನಕ್ಷತ್ರಪುಂಜದ ಬಾಲದ ಕಡೆ. ಅಲ್ಲಿನ ಜೋಡಿ ಚುಕ್ಕಿಗಳಿಗೆ ಅಥರ್ವವೇದದಲ್ಲಿ 'ವಿಚೃತೌ' ಎಂದು ಹೆಸರು, ಎಂದರೆ ಕಟ್ಟು ಬಿಚ್ಚುವವರು. ವಂಶದಿಂದ ಬಂದ ರೋಗದ ಪಾಶವನ್ನು ಬಿಚ್ಚಿರೆಂದು ಆ ಭಾಗ್ಯವಂತ ತಾರೆಗಳನ್ನು ಬೇಡಿಕೊಳ್ಳುತ್ತಿದ್ದರು! ತೈತ್ತಿರೀಯ ಬ್ರಾಹ್ಮಣಕ್ಕೆ ಬರುವಾಗ ಹೆಸರು 'ಮೂಲಬರ್ಹಣಿ', ಬೇರು ಕೀಳುವವಳು, ದೇವತೆ ನಿರೃತಿ. ಭಯ ಅಥರ್ವವೇದದಲ್ಲೂ ಇಲ್ಲದಿಲ್ಲ. ಈ ಹೊತ್ತಿನಲ್ಲಿ ಹುಟ್ಟಿದ ಕೂಸಿಗಾಗಲಿ ಹೆತ್ತವರಿಗಾಗಲಿ ಕೇಡಾಗದಿರಲಿ ಎಂದು ಅಲ್ಲೊಂದು ಪ್ರಾರ್ಥನೆಯಿದೆ. ಆದರೆ ಆ ಕೂಸು ಗಂಡು. ಮಾವನ ಸುದ್ದಿಯೇ ಇಲ್ಲ.

ಮಾವ ಸಿಕ್ಕಿದ್ದು ಮುಹೂರ್ತ ಚಿಂತಾಮಣಿಯಲ್ಲಿ. 1600ರಲ್ಲಿ ಕಾಶಿಯಲ್ಲಿ ರಾಮ ದೈವಜ್ಞ ಬರೆದದ್ದು. ಓದಿ ದಂಗಾದೆ. ಮೂಲೆಯಲ್ಲಿ ಹುಟ್ಟಿದ ಹೆಣ್ಣಷ್ಟೇ ಅಲ್ಲ, ಗಂಡೂ ಮಾವನಿಗೆ ಕೇಡೆನ್ನುತ್ತದೆ ಆ ಗ್ರಂಥ. ಹಾಗಾದರೆ ಹೆಣ್ಣಿನ ತಂದೆ ಯಾವನಾದರೂ ಮೂಲಾ ನಕ್ಷತ್ರದ ವರನನ್ನು ಬಾಗಿಲಿಂದ ಕಳಿಸಿದ್ದುಂಟೆ? ನಾನಂತೂ ಕೇಳಿಲ್ಲ. ಇನ್ನೊಂದು ಮಾತೂ ಅದರಲ್ಲೇ ಇದೆ: ಮೂಲೆಯ ಕೊನೆಯ ಪಾದಕ್ಕೆ ದೋಷವಿಲ್ಲ.

ಟ್ರಂಕು ತೆಗೆಸಿ ಚಿಕ್ಕಮ್ಮನ ಜಾತಕ ನೋಡಿದೆ. ನಾಲ್ಕನೇ ಪಾದ.

ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ ಹೇಳಿದೆ. ಅವಳು ಹತ್ತಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಅಪ್ಪಯ್ಯನಿಗೆ ಗೊತ್ತಿತ್ತು ಕಣೇ. ಹೇಳಿದರೆ ಕೇಳೋರು ಯಾರಿದ್ದರು?" ಎಂದಳು. ಪ್ರತಿ ನವರಾತ್ರಿಯಲ್ಲೂ ಮೂಲಾ ನಕ್ಷತ್ರದ ದಿನವೇ ಮಡಿಯುಟ್ಟು ಶಾರದೆಯನ್ನು ಕೂರಿಸುವವಳು ಅವಳು.

ಶ್ರಾವಣದ ಒಂದು ರಾತ್ರಿ ಮೋಡ ಸರಿದಾಗ ಅವಳನ್ನೂ ಮೊಮ್ಮಗಳನ್ನೂ ತಾರಸಿಗೆ ಕರೆದೊಯ್ದೆ. ದಕ್ಷಿಣಕ್ಕೆ, ತೆಂಗಿನ ಮರದ ಪಕ್ಕದಲ್ಲಿ, ಚೇಳಿನ ಬಾಲ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಇವೆರಡೇ ಏನೇ? ಎಷ್ಟು ಹತ್ತಿರ ಹತ್ತಿರ ಇವೆ."