ಶಾತ್ನೇಜ್

ಯೆಹೂದ್ಯರಲ್ಲಿ ಉಡುವ ತೊಡುವ ವಿಧಿಗಳು ಪ್ರಾತಃಕಾಲ ಹಾಸಿಗೆಯಿಂದ ಏಳುವ ಹೊತ್ತಿಗೇ ಮೊದಲಾಗುತ್ತವೆ. 16ನೆಯ ಶತಮಾನದಲ್ಲಿ ಯೋಸೇಫ್ ಕಾರೋ ಎಂಬ ಮಹಾಪಂಡಿತರು ರಚಿಸಿದ ‘ಶುಲ್ಖಾನ್ ಆರುಖ್’ ಎಂಬ ಧರ್ಮಸಂಹಿತೆಯು, ಬಲಗಾಲಿನ ಪಾದರಕ್ಷೆಯನ್ನು ಮೊದಲು ಮೆಟ್ಟಬೇಕೆಂದೂ, ದಾರ ಬಿಗಿಯುವಾಗ ಮಾತ್ರ ಎಡಗಾಲಿನದನ್ನು ಮೊದಲು ಬಿಗಿಯಬೇಕೆಂದೂ ವಿಧಿಸುತ್ತದೆ; ಪ್ರಾರ್ಥನೆಯ ವೇಳೆ ‘ತೆಫಿಲ್ಲಿನ್’ ಎಂಬ ಮಂತ್ರಸಂಪುಟವನ್ನು ಎಡತೋಳಿಗೆ ಕಟ್ಟುವರಾದ್ದರಿಂದ ಕಟ್ಟುವ ಕ್ರಿಯೆಯಲ್ಲಿ ಎಡಕ್ಕೆ ಅಗ್ರಮಾನ್ಯತೆ ಸಂದಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಹೀಗೆ ಕಾರಣವುಳ್ಳ ವಿಧಿಗಳ ನಡುವೆ, ಮೂಲದಲ್ಲಿ ಕಾರಣವನ್ನೇ ಹೇಳದೆ ನಿಂತಿರುವ ನಿಷೇಧವೊಂದುಂಟು. ಅದರ ಹೆಸರು ಶಾತ್ನೇಜ್.

ಈ ಪದ ಹೀಬ್ರೂ ಶ್ರುತಿಯಲ್ಲಿ ಕಾಣಿಸುವುದು ಎರಡೇ ಕಡೆ: ಯಾಜಕಕಾಂಡದ 19ನೆಯ ಅಧ್ಯಾಯದಲ್ಲೊಮ್ಮೆ, ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲೊಮ್ಮೆ. ಮೊದಲನೆಯ ಕಡೆ ಅರ್ಥ ತಿಳಿಯುವುದಿಲ್ಲ. ಎರಡನೆಯ ಕಡೆ, ಉಣ್ಣೆಯೂ ಅಗಸೆನಾರೂ ಒಟ್ಟುಗೂಡಿದ ಬಟ್ಟೆಯೇ ಅದೆಂದು ಸ್ಪಷ್ಟವಾಗುತ್ತದೆ. ಪದದ ರೂಪವೇ ಹೀಬ್ರೂ ಧಾತುಗಳ ಸಹಜವಾದ ಅಚ್ಚಿನಲ್ಲಿಲ್ಲವಾಗಿ, ಅದು ಪರಭಾಷೆಯಿಂದ ಬಂದುದಿರಬೇಕೆಂದು ಊಹಿಸುವವರುಂಟು. ಗ್ರೀಕ್ ಭಾಷಾಂತರಕಾರರು ಅದಕ್ಕೆ ಖೋಟಾ ನಾಣ್ಯವನ್ನು ಕುರಿತು ಹೇಳುವ ‘ಕಿಬ್ದೆಲೋಸ್’ ಎಂಬ ಶಬ್ದವನ್ನು ಕೊಟ್ಟರು. ಕ್ರಿ.ಶ. 200ರ ಸುಮಾರಿಗೆ ಸಂಗ್ರಹಗೊಂಡ ‘ಮಿಷ್ನಾ’ ಎಂಬ ಧರ್ಮಶಾಸ್ತ್ರಗ್ರಂಥದ ಆಚಾರ್ಯರಾದರೋ ಪದವನ್ನು ಮೂರಾಗಿ ಒಡೆದು, ಹಿಂಜಿದ್ದು, ನೂತದ್ದು, ಹುರಿಗೊಳಿಸಿದ್ದು ಎಂದು ವಿವರಿಸಿದರು. ನಿರುಕ್ತಿಯಾಗಿ ಇದು ನಿಲ್ಲುವುದು ಕಷ್ಟ. ಆದರೆ ನೂಲಿನ ಕಸುಬನ್ನು ಕಣ್ಣಾರೆ ಕಂಡವರ ಮಾತು ಇದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಶಾಸ್ತ್ರದ ಸೂಕ್ಷ್ಮತೆ ಇಲ್ಲಿಯೇ ಮೆಚ್ಚತಕ್ಕದ್ದಾಗಿದೆ. ಹತ್ತಿ, ರೇಷ್ಮೆ, ಸೆಣಬು ಇವು ಯಾವುದರೊಡನೆ ಬೆರೆತರೂ ದೋಷವಿಲ್ಲ. ಉಣ್ಣೆಯೆಂದರೆ ಕುರಿಯದು ಮಾತ್ರ. ಒಂಟೆಯ ಕೂದಲನ್ನು ಕುರಿಯ ಉಣ್ಣೆಯೊಡನೆ ಹಿಂಜಿದಾಗ ಒಂಟೆಯದೇ ಹೆಚ್ಚಾಗಿದ್ದರೆ, ಅದನ್ನು ಅಗಸೆನಾರಿನೊಡನೆ ಸೇರಿಸಲು ಅಡ್ಡಿಯಿಲ್ಲ. ಬಟ್ಟೆಯ ವರ್ತಕನು ಬಿಸಿಲು ಮಳೆಗಳಿಂದ ಮೈಗೆ ಮರೆಯಾಗಲೆಂಬ ಉದ್ದೇಶವಿಲ್ಲದೆ ಅಂತಹ ವಸ್ತ್ರವನ್ನು ಹೆಗಲ ಮೇಲೆ ಹೊತ್ತು ಮಾರಬಹುದು. ಆದರೂ ಆಚಾರಶೀಲರು ಅದನ್ನು ಕೋಲಿನ ತುದಿಗೆ ತೂಗುಹಾಕಿ ಮಾರುತ್ತಿದ್ದರೆಂದು ಮಿಷ್ನಾ ಹೇಳುತ್ತದೆ. ಶವಕ್ಕೆ ಹೊದಿಸುವ ಬಟ್ಟೆಗೆ ಈ ನಿಷೇಧವಿಲ್ಲ. ಬದುಕಿರುವವನಿಗಾದರೋ, ನಡುಬೀದಿಯಲ್ಲಿ ತನ್ನ ಉಡುಪಿನಲ್ಲಿ ಶಾತ್ನೇಜ್ ಇದೆಯೆಂದು ತಿಳಿದುಬಂದರೆ, ಮಾನಾಪಮಾನಗಳನ್ನು ಎಣಿಸದೆ ಅಲ್ಲಿಯೇ ಕಳಚಬೇಕೆಂದು, ಮಿಷ್ನಾದ ಮೇಲಿನ ಚರ್ಚೆಗಳನ್ನೊಳಗೊಂಡ ‘ತಾಲ್ಮುಡ್’ ಆಜ್ಞಾಪಿಸುತ್ತದೆ.

ಹಾಗಾದರೆ ಈ ಬೆರಕೆಯಲ್ಲಿ ಕಲ್ಮಷವೇನಾದರೂ ಇದೆಯೆ? ಇಲ್ಲವೆಂಬುದಕ್ಕೆ ಪ್ರಬಲವಾದ ಸಾಕ್ಷ್ಯವು ಯೆಹೂದ್ಯರ ಪುರಾತನ ದೇವಾಲಯದ ಒಳಗೇ ದೊರೆಯುತ್ತದೆ. ಯಾಜಕರು ಸೇವೆಯ ಕಾಲದಲ್ಲಿ ಕಟ್ಟುತ್ತಿದ್ದ ನಡುಕಟ್ಟು ನಯವಾದ ನಾರಿನ ನೂಲನ್ನೂ ಬಣ್ಣ ಹಾಕಿದ ಉಣ್ಣೆಯ ಎಳೆಗಳನ್ನೂ ಕೂಡಿಸಿ ನೇಯ್ದದ್ದು. ಮೊದಲನೆಯ ಶತಮಾನದ ಇತಿಹಾಸಕಾರ ಜೋಸೆಫಸನು, ಯಾಜಕರಿಗೆ ಮೀಸಲಾದುದರಿಂದಲೇ ಅದು ಇತರರಿಗೆ ವರ್ಜ್ಯವಾಯಿತೆಂದು ಬರೆದನು. 12ನೆಯ ಶತಮಾನದ ತತ್ತ್ವಜ್ಞಾನಿ ಮೈಮೋನಿಡೀಸನು, ವಿಗ್ರಹಾರಾಧಕರ ಪುರೋಹಿತರು ಇಂತಹ ಉಡುಪನ್ನು ಧರಿಸುತ್ತಿದ್ದರೆಂದು ಹೇಳಿ ಬೇರೊಂದು ಕಾರಣವನ್ನು ಕೊಟ್ಟನು. ಇವರಿಬ್ಬರಲ್ಲಿ ಜೋಸೆಫಸನ ಮಾತೇ ನನ್ನ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ಪವಿತ್ರವಾದುದೂ ನಿಷಿದ್ಧವಾಗಬಲ್ಲುದೆಂಬ ಅರಿವು ಅದರಲ್ಲಿದೆ. ಸಂಪ್ರದಾಯವಾದರೋ ಇದನ್ನು ‘ಹೋಕ್’, ಅಂದರೆ ಕಾರಣ ಕೇಳದೆ ನಡೆಯಿಸತಕ್ಕ ಶಾಸನವೆಂಬ ವರ್ಗಕ್ಕೆ ಸೇರಿಸಿ ಸುಮ್ಮನಾಯಿತು.

ಲಿಪಿಕಾರರ ಬಾಯಲ್ಲಿ ಈ ಪದಕ್ಕೆ ಇನ್ನೊಂದು ಜೀವಿತವುಂಟು. ‘ತೋರಾ’ ಎಂಬ ಧರ್ಮಗ್ರಂಥದ ಸುರುಳಿಯನ್ನು ಬರೆಯುವಾಗ ಏಳು ಅಕ್ಷರಗಳ ತಲೆಯ ಮೇಲೆ ಮೂರು ಮೂರು ಸಣ್ಣ ಕಿರೀಟಗಳನ್ನು ಇಡುವ ಪದ್ಧತಿಯಿದ್ದು, ಅವನ್ನು ನೆನಪಿಡಲು ‘ಶಾತ್ನೇಜ್ ಗೆತ್ಸ್’ ಎಂಬ ಸೂತ್ರವನ್ನು ಹೇಳಿಕೊಳ್ಳುತ್ತಾರೆ. ಏಳರಲ್ಲಿ ಮೊದಲಿನ ಐದೂ ಈ ನಿಷಿದ್ಧವಸ್ತ್ರದ ಹೆಸರಿನ ಅಕ್ಷರಗಳೇ ಆಗಿವೆ.

ಸಿದ್ಧ ಉಡುಪಿನ ಯುಗದಲ್ಲಿ ಪದವು ಪ್ರಯೋಗಶಾಲೆಯನ್ನೂ ಹೊಕ್ಕಿತು. ಉಣ್ಣೆಯ ಕೋಟಿನ ಕಾಲರು ಬಿಗಿಯಾಗಿ ನಿಲ್ಲಲೆಂದು ದರ್ಜಿಯು ಒಳಗೆ ಹೊಲಿದಿಡುವ ನಾರಿನ ಅಸ್ತರು ತೊಡುವವನಿಗೆ ಕಾಣುವುದಿಲ್ಲವಾದ್ದರಿಂದ, ವಿಯೆನ್ನಾದಿಂದ ನಿರಾಶ್ರಿತರಾಗಿ ಬಂದ ಜೋಸೆಫ್ ರೋಸೆನ್‌ಬರ್ಗರ್ ಎಂಬವರು 1940ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇದರ ಪರೀಕ್ಷೆಗಾಗಿಯೇ ಒಂದು ಪ್ರಯೋಗಶಾಲೆಯನ್ನು ತೆರೆದರು. ಸೂಕ್ಷ್ಮದರ್ಶಕದಡಿ ಉಣ್ಣೆಯ ಎಳೆ ಪೊರೆಪೊರೆಯಾಗಿಯೂ, ಅಗಸೆಯದು ಬಿದಿರಿನಂತೆ ಗಿಣ್ಣುಗಿಣ್ಣಾಗಿಯೂ ತೋರುತ್ತದೆ. ದೋಷ ಕಂಡರೆ ಕೋಟನ್ನು ಎಸೆಯಬೇಕಾಗಿಲ್ಲ. ಅಸ್ತರನ್ನು ಬಿಚ್ಚಿ ಬೇರೆಯದನ್ನು ಹೊಲಿದರೆ ಸಾಕು.

ಇಂದಿನ ಹೀಬ್ರೂ ಮಾತಿನಲ್ಲಿ ಮಾತ್ರ ಶಾತ್ನೇಜ್ ಎಂದರೆ ಹೊಂದಿಕೆಯಿಲ್ಲದ ಯಾವುದೇ ಬೆರಕೆ. ಪರಸ್ಪರ ವಿರುದ್ಧವಾದ ಪಕ್ಷಗಳು ಕೂಡಿ ನಡೆಸುವ ಸರಕಾರಕ್ಕೂ ಆ ಹೆಸರು ಸಲ್ಲುತ್ತದೆ. ಭಾಷೆಯ ಈ ಸ್ವಾತಂತ್ರ್ಯಕ್ಕೆ ನನ್ನ ತಕರಾರಿಲ್ಲ. ಆದರೆ ಆ ಪದವನ್ನು ಬೈಗುಳದಂತೆ ಬಳಸುವವರು, ಶಾಸ್ತ್ರವು ಜಗತ್ತಿನ ಅಸಂಖ್ಯ ಎಳೆಗಳಲ್ಲಿ ಎರಡರ ಕೂಟವನ್ನಷ್ಟೇ ತಡೆಯಿತೆಂಬುದನ್ನೂ, ಆ ಕೂಟವನ್ನೇ ಯಾಜಕನ ನಡುವಿಗೆ ಕಟ್ಟಿತೆಂಬುದನ್ನೂ ನೆನೆಯಬೇಕೆಂದು ನನ್ನ ಆಸೆ.