ಡೇಲಿಕ್ಯಾಂಡಿ: ಒಂದು ಇಮೇಲ್ ಪತ್ರಿಕೆಯ ಏಳುಬೀಳು

2000ದ ಮಾರ್ಚ್‌ನಲ್ಲಿ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ ತುದಿ ಮುಟ್ಟಿ ಕುಸಿಯತೊಡಗಿತು. ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ ಡ್ಯಾನಿ ಲೆವಿ ಎಂಬ ಪತ್ರಕರ್ತೆ ಡೇಲಿಕ್ಯಾಂಡಿ ಎಂಬ ಇಮೇಲ್ ಪತ್ರಿಕೆ ಆರಂಭಿಸಿದರು. ಡಾಟ್‌ಕಾಂ ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಉಳಿದುಕೊಂಡ ಈ ಪತ್ರಿಕೆ, ದೊಡ್ಡ ಕಂಪನಿಯ ಆಸರೆ ಸಿಕ್ಕ ಮೇಲೆ ಮುಚ್ಚಿಹೋದದ್ದು ಏಕೆ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಡೇಲಿಕ್ಯಾಂಡಿ ಕಳಿಸುತ್ತಿದ್ದುದು ದಿನಕ್ಕೊಂದು ಚಿಕ್ಕ ಬರಹ. ಹೊಸದಾಗಿ ತೆರೆದ ಬಟ್ಟೆ ಅಂಗಡಿ, ಹೋಟೆಲು, ಆಭರಣ ವಿನ್ಯಾಸಕಿ, ಹೀಗೆ ಯಾವುದಾದರೂ ಒಂದೇ ವಿಷಯ. ಅದರೊಡನೆ ಜಲವರ್ಣದ ಚಿತ್ರ. ಓದುಗರು, ಅವರಲ್ಲೂ ಹೆಚ್ಚಾಗಿ ನಗರದ ಯುವತಿಯರು, ಅದನ್ನು ಗೆಳತಿಯ ಸಲಹೆಯಂತೆ ಸ್ವೀಕರಿಸಿದರು. ಕಾಗದವಿಲ್ಲ, ಮುದ್ರಣವಿಲ್ಲ, ಅಂಚೆ ವೆಚ್ಚವಿಲ್ಲ. ಓದುಗರಿಗೆ ಉಚಿತ, ವರಮಾನವೆಲ್ಲ ಜಾಹೀರಾತಿನಿಂದ. ಖರ್ಚು ಕಡಿಮೆಯಿದ್ದುದರಿಂದಲೇ ಕುಸಿತದ ವರ್ಷಗಳನ್ನು ಅದು ದಾಟಿತು ಎನ್ನಬಹುದು. ಆದರೆ ಅಷ್ಟೇ ಕಾರಣವಲ್ಲ. ಯಾವುದರ ಬಗ್ಗೆ ಬರೆಯಬೇಕು ಎಂಬುದನ್ನು ಸಂಪಾದಕರು ನಿರ್ಧರಿಸುತ್ತಾರೆ ಎಂದು ಓದುಗರು ನಂಬಿದ್ದರು. ಆ ನಂಬಿಕೆಯೇ ಜಾಹೀರಾತಿನ ಜಾಗಕ್ಕೂ ಬೆಲೆ ತಂದಿತು.

2003ರಲ್ಲಿ, ಎಂಟಿವಿ ಕಟ್ಟಿದವರಲ್ಲಿ ಒಬ್ಬರಾದ ಬಾಬ್ ಪಿಟ್‌ಮನ್ ಅವರ ಪೈಲಟ್ ಗ್ರೂಪ್ ಇದರಲ್ಲಿ ಹಣ ಹೂಡಿತು. ಲಾಸ್ ಏಂಜಲೀಸ್, ಷಿಕಾಗೊ, ಲಂಡನ್ ಮೊದಲಾದ ನಗರಗಳಿಗೆ ಪ್ರತ್ಯೇಕ ಆವೃತ್ತಿಗಳು ಬಂದವು. 2008ರ ಆಗಸ್ಟ್‌ನಲ್ಲಿ ಕೇಬಲ್ ದೈತ್ಯ ಕಾಮ್‌ಕಾಸ್ಟ್ ಸುಮಾರು 12.5 ಕೋಟಿ ಡಾಲರ್ ಕೊಟ್ಟು ಡೇಲಿಕ್ಯಾಂಡಿಯನ್ನು ಕೊಂಡಿತು. ಆಗ ಚಂದಾದಾರರು ಸುಮಾರು 25 ಲಕ್ಷ. ಮುಂದಿನ ತಿಂಗಳೇ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ಆರ್ಥಿಕ ಬಿಕ್ಕಟ್ಟು ತೀವ್ರವಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಷಿಕಾಗೊದಲ್ಲಿ ಗ್ರೂಪಾನ್ ಹುಟ್ಟಿತು. ದಿನಕ್ಕೊಂದು ಇಮೇಲ್ ಎಂಬ ಅದೇ ಕ್ರಮ, ಆದರೆ ಒಳಗಿದ್ದದ್ದು ಬರಹವಲ್ಲ, ರಿಯಾಯಿತಿ. ಡೇಲಿಕ್ಯಾಂಡಿಯೂ ಸ್ವರ್ಲ್ ಎಂಬ ಹೆಸರಿನಲ್ಲಿ ರಿಯಾಯಿತಿ ಮಾರಾಟಕ್ಕೆ ಇಳಿಯಿತು. ನನ್ನ ಮಟ್ಟಿಗೆ ಪತನದ ಬೀಜ ಇರುವುದು ಇಲ್ಲಿಯೇ. ಸಲಹೆ ಕೊಡುವವರೇ ಸರಕು ಮಾರಲು ನಿಂತರೆ ಸಲಹೆಯ ತೂಕ ಇಳಿಯುತ್ತದೆ. ಇತ್ತ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಹೊಸ ಅಂಗಡಿಗಳ ಸುದ್ದಿ ನೇರವಾಗಿ ಗ್ರಾಹಕರನ್ನು ತಲುಪತೊಡಗಿತ್ತು. 2011ರಲ್ಲಿ ಕಾಮ್‌ಕಾಸ್ಟ್ ಮಾಧ್ಯಮ ಸಂಸ್ಥೆ ಎನ್‌ಬಿಸಿ ಯೂನಿವರ್ಸಲ್ ಅನ್ನು ವಶಕ್ಕೆ ತೆಗೆದುಕೊಂಡ ಮೇಲೆ ಡೇಲಿಕ್ಯಾಂಡಿ ಆ ದೊಡ್ಡ ಸಂಸಾರದ ಮೂಲೆಯ ಸದಸ್ಯನಾಯಿತು. 2014ರ ವಸಂತದಲ್ಲಿ ಎನ್‌ಬಿಸಿ ಯೂನಿವರ್ಸಲ್ ಅದನ್ನು ಮುಚ್ಚಿತು.

ಇಮೇಲ್ ಹಳತಾಯಿತು, ಅದಕ್ಕೇ ಡೇಲಿಕ್ಯಾಂಡಿ ಸತ್ತಿತು ಎಂಬ ವಾದ ನಿಲ್ಲುವುದಿಲ್ಲ. 2017ರಲ್ಲಿ ಶುರುವಾದ ಇಮೇಲ್ ಪತ್ರಿಕೆಗಳ ವೇದಿಕೆ ಸಬ್‌ಸ್ಟ್ಯಾಕ್ ಅದೇ ಇಮೇಲನ್ನು ನಂಬಿ, ಚಂದಾ ಹಣದ ಮೇಲೆ ಬೆಳೆಯಿತು. ಆದರೆ ಅಂಥವೇ ಬೇರೆ ಎರಡು ಸೇವೆಗಳು ಉಳಿಯಲಿಲ್ಲ: ಟ್ವಿಟರ್ 2021ರಲ್ಲಿ ಕೊಂಡ ಡಚ್ ಸಂಸ್ಥೆ ರೆವ್ಯೂ 2023ರ ಜನವರಿಯಲ್ಲಿ, ಮೇಲ್‌ಚಿಂಪ್ 2011ರಲ್ಲಿ ಕೊಂಡ ಟೈನಿಲೆಟರ್ 2024ರ ಫೆಬ್ರವರಿಯಲ್ಲಿ ನಿಂತುಹೋದವು. ಡೇಲಿಕ್ಯಾಂಡಿಯೂ ಸೇರಿ ಈ ಮೂರನ್ನೂ ಮುಚ್ಚಿದ್ದು ಕೊಂಡುಕೊಂಡ ಕಂಪನಿಗಳೇ.