ಕುಂಚದ ಹಿಂದಿನ ಕಣಜ

ಚಿತ್ರಕಾರರು ಕಣ್ಣು ಸೆಳೆದದ್ದನ್ನು ಕೂಡಿಡುತ್ತಾರೆ. ಹಾಗೆ ಕೂಡಿಟ್ಟ ವಸ್ತುವೇ ಮುಂದೆ ಅವರ ಕೈಗೆ ಗೆರೆ, ಬಣ್ಣ, ಆಕಾರ ಕಲಿಸುತ್ತದೆ.

ಆಮ್‌ಸ್ಟರ್‌ಡ್ಯಾಮ್, 1656
ಸಾಲದಲ್ಲಿ ಮುಳುಗಿದ ಡಚ್ ಕಲಾವಿದ ರೆಂಬ್ರಾಂಟನ ಮನೆಯ ಸಾಮಾನು ಪಟ್ಟಿಯಾಯಿತು. ಅದರಲ್ಲಿ ಕಡಲ ಚಿಪ್ಪು, ಆಯುಧ, ಶಿಲ್ಪದ ಅಚ್ಚು, ಮುದ್ರಿತ ಚಿತ್ರಗಳ ಸಂಪುಟಗಳಿದ್ದವು. 1650ರಲ್ಲಿ ಆತ ಒಂದು ಶಂಕುಚಿಪ್ಪನ್ನೇ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದಿದ್ದ. ಮೊಘಲ್ ಕಿರುಚಿತ್ರಗಳನ್ನು ನೋಡಿ ಬರೆದ 20ಕ್ಕೂ ಹೆಚ್ಚು ರೇಖಾಚಿತ್ರಗಳೂ ಉಳಿದಿವೆ.

ಮೈಸೂರು, 1968
ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದ ಪಿ.ಆರ್. ತಿಪ್ಪೇಸ್ವಾಮಿ (1922–2000) ಜಾನಪದ ವಿದ್ವಾಂಸರೂ ಹೌದು. ಜಾನಪದ ತಜ್ಞ ಜೀಶಂಪ ಮೊದಲಾದವರೊಂದಿಗೆ ಅವರು ಜನಪದ ವಸ್ತುಗಳನ್ನು ಕಲೆಹಾಕಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ರೂಪ ಕೊಟ್ಟರು. ಅಲ್ಲಿನ ತೊಗಲುಗೊಂಬೆಯನ್ನೇ ನೋಡಿ: ಹದಮಾಡಿದ ತೆಳುತೊಗಲು, ಅದರ ಮೇಲೆ ಬಣ್ಣ, ಸಣ್ಣ ರಂಧ್ರಗಳ ಸಾಲು. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಬಣ್ಣವೇ ಹೊಳೆಯುತ್ತದೆ. ಬಿಳಿ ಕಾಗದದ ಬೆಳಕು ತಿಳಿಬಣ್ಣದೊಳಗಿಂದ ಹೊಮ್ಮುವ ಜಲವರ್ಣಕ್ಕೂ ಇದೇ ಗುಣ.

ನಮ್ಮ ನೆಲದಲ್ಲಿ
ಸವದತ್ತಿ ಯಲ್ಲಮ್ಮನ ಗುಡ್ಡದ ಭಂಡಾರದ ಅರಿಶಿನ, ಕವಡೆ ಸರ, ಚೌಡಿಕೆ ವಾದ್ಯ. ರಾಮದುರ್ಗದ ಕೈಮಗ್ಗದ ಸೀರೆಯಂಚು. ಬೈಲಹೊಂಗಲದ ಕರಿಮಣ್ಣಿನ ಹೊಲಗಳ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ತಿದ್ದುವ ಎತ್ತಿನ ಜೋಡಿ. ಕಿತ್ತೂರಿನ ಕೋಟೆಗೋಡೆಯ ಕಲ್ಲು. ಇವೆಲ್ಲ ಚಿತ್ರಕಾರನ ಕಣಜಕ್ಕೆ ಸೇರಬೇಕಾದ ಕಾಳುಗಳೇ.

ನಿಮ್ಮ ಮನೆಯ ಮಾಡದಲ್ಲಿರುವ ಹಳೆಯ ವಸ್ತುವನ್ನು ಎಸೆಯುವ ಮುನ್ನ, ದಯವಿಟ್ಟು ಒಮ್ಮೆ ಕೂತು ಅದರ ಚಿತ್ರ ಬರೆಯಿರಿ.